ಪುಂಡುವೇಷದ ವಯಸ್ಸಿನವರ ಕಪಾಟು

ಟೀಚರ್: ಮಾಷ್ಟ್ರೇ, ನಿಮ್ಮಿಂದ ಒಂದು ಪಟ್ಟಿ ಆಗ್ಬೇಕಿತ್ತು. ಹಳೆ ವಿದ್ಯಾರ್ಥಿಯೊಬ್ಬರು ಶಾಲೆಗೆ ಪುಸ್ತಕ ತರಿಸ್ಲಿಕ್ಕೆ ಅಂತ ಹಣ ಕೊಟ್ಟಿದ್ದಾರೆ. ಎಂಟು, ಒಂಬತ್ತು, ಹತ್ತರವರು ಓದುವಂಥ ಕಾದಂಬರಿ ಬೇಕು.

ಮಾಷ್ಟ್ರು: ಪಟ್ಟಿ ಎಂತಕ್ಕೆ ಮಗಾ? ಉಡುಪಿಗೆ ಹೋಗಿ ಮಕ್ಕಳ ಪುಸ್ತಕ ಕೊಡಿ ಅಂದ್ರೆ ಅಂಗಡಿಯವರೇ ಕಟ್ಟು ಕಟ್ಟಿ ಕೊಡ್ತಾರೆ.

ಟೀಚರ್: ಕೊಟ್ಟರು. ತೆನಾಲಿ ರಾಮಕೃಷ್ಣ, ಅಕ್ಬರ್ ಬೀರಬಲ್ಲ, ಈಸೋಪನ ಕತೆ. ಒಂಬತ್ತನೇ ಕ್ಲಾಸಿನ ಒಬ್ಬ ಮಾಣಿ ಎರಡು ಪುಟ ಮಗುಚಿ, 'ಇದು ನನ್ನ ತಂಗಿಗೆ ಆಯ್ತು ಟೀಚರ್' ಅಂತ ವಾಪಸ್ಸು ಇಟ್ಟ. ಮೀಸೆ ಚಿಗುರುವ ವಯಸ್ಸು ಅವನದ್ದು. ನರಿ ದ್ರಾಕ್ಷಿ ಕೊಟ್ಟರೆ ಅವಮಾನ ಆಗುವುದಿಲ್ವಾ? ಹಾಗಂತ ದೊಡ್ಡವರ ಕಪಾಟಿನಿಂದ ತೆಗೆದು ಕೊಡ್ಲಿಕ್ಕೆ ನನಗೆ ಧೈರ್ಯ ಸಾಲುವುದಿಲ್ಲ.

ಮಾಷ್ಟ್ರು: ಎಂಥ ಹೆದರಿಕೆ?

ಟೀಚರ್: ಯಾವುದನ್ನು ತೆರೆದರೂ ಸಾವು. ನನ್ನ ಕ್ಲಾಸಿನಲ್ಲಿ ಅಪ್ಪನನ್ನೋ ಅಮ್ಮನನ್ನೋ ಕಳಕೊಂಡ ಮಕ್ಕಳಿದ್ದಾರೆ. ಕೊರೋನಾದಲ್ಲಿ ಹೋದವರ ಮಕ್ಕಳು ಒಬ್ಬೊಬ್ಬರಾಗಿ ಹೈಸ್ಕೂಲಿಗೆ ಬರ್ತಾ ಇದ್ದಾರೆ. ಅಪ್ಪ ಅಮ್ಮ ಇಬ್ಬರೂ ಇಲ್ಲದವರಿಗೆ ಅಂತ 2021ರಲ್ಲಿ ಸರಕಾರ ಬಾಲಸೇವಾ ಯೋಜನೆ ತಂದಿತು, ತಿಂಗಳಿಗೆ 3,500 ರೂಪಾಯಿ. ಅದು ಬೇಕಾದದ್ದೇ. ಆದ್ರೆ ಆ ಮಕ್ಕಳ ಹತ್ರ ಕೂತು ಹೋದವರ ಬಗ್ಗೆ ಮಾತಾಡಿದವರು ಯಾರು? ಮನೆಯಲ್ಲಿ ಫೋಟೋಕ್ಕೆ ಹಾರ ಹಾಕ್ತಾರೆ, ಹೆಸರು ಎತ್ತುವುದಿಲ್ಲ. ಇಂಗ್ಲಿಷಿನಲ್ಲಿ ಈ ವಯಸ್ಸಿನವರಿಗೆಂದೇ ಬೇರೆ ಕಪಾಟು ಉಂಟು, ಯಂಗ್ ಅಡಲ್ಟ್ ಅಂತಾರೆ. ಕಳಕೊಂಡವರ ಕತೆ, ಹೇಗೋ ಜೀವ ಉಳಿಸಿಕೊಂಡವರ ಕತೆ ಅದರಲ್ಲಿ ರಾಶಿ ಬಿದ್ದಿವೆ. ನಮ್ಮಲ್ಲಿ ಆ ಕಪಾಟೇ ಇಲ್ಲ.

ಮಾಷ್ಟ್ರು: ಕಪಾಟು ಇಲ್ಲ ಅನ್ನು, ಒಪ್ತೇನೆ. ಕತೆ ಇಲ್ಲ ಅನ್ಬೇಡ. ನೀನು ಆಟ ಕಂಡು ದೊಡ್ಡವಳಾದವಳು. ಈ ಕೊಕ್ಕರ್ಣೆಯಿಂದ ಮಂದಾರ್ತಿ ಎಷ್ಟು ದೂರ? ಅಲ್ಲಿಂದ ಐದು ಮೇಳ ಹೊರಡ್ತವೆ. ಯಕ್ಷಗಾನದವರು ಹದಿನಾರರ ಹರೆಯಕ್ಕೆ ಅಂತಲೇ ಒಂದು ವೇಷ ಇಟ್ಟಿದ್ದಾರೆ, ಪುಂಡುವೇಷ. ಬಾಲಗೋಪಾಲರ ಹಾಗೆ ಮಕ್ಕಳಾಟಿಕೆ ಅಲ್ಲ, ರಾಜವೇಷದ ಗತ್ತೂ ಅಲ್ಲ. ಕುಣಿತ ಬೇರೆ, ಮಾತಿನ ಬಿಸಿ ಬೇರೆ. ಆ ವೇಷಕ್ಕೆ ಸಿಕ್ಕಿದ ಕತೆಗಳು ಎಂಥವು ಕಾಣು. ಅಭಿಮನ್ಯು ಚಕ್ರವ್ಯೂಹದ ಒಳಗೆ ಹೋಪುದು ಕಲಿತವ, ಹೊರಗೆ ಬಪ್ಪುದು ಕಲಿಯದೆ ಸತ್ತವ. ಬಭ್ರುವಾಹನ ಅಪ್ಪ ಯಾರೆಂದು ಗೊತ್ತಿದ್ದೂ ಅಪ್ಪನ ಜೊತೆಗೇ ಕಾದಬೇಕಾದವ. ನಡುರಾತ್ರಿ ಕಳೆದ ಮೇಲೆ ಅಭಿಮನ್ಯು ಬೀಳುವಾಗ ಚಾಪೆಯ ಮೇಲೆ ಕಣ್ಣು ಬಿಟ್ಟು ಕೂತವರು ಯಾರು? ಆರನೇ ಏಳನೇ ಕ್ಲಾಸಿನವರೇ. ಇನ್ನು ಚಂದ್ರಹಾಸ. ಹಾಲು ಕುಡಿಯುವಾಗಲೇ ಅಪ್ಪ ಅಮ್ಮ ಹೋದರು, ಎತ್ತಿಕೊಂಡು ಬಂದು ಸಾಕಿದ ದಾದಿಯೂ ಹೋದಳು. ಬೀದಿಯಲ್ಲಿ ಬೆಳೆದ ಮಾಣಿಯನ್ನು ಕೊಲ್ಲಲಿಕ್ಕೆ ಕಾಡಿಗೆ ಕರಕೊಂಡು ಹೋಗ್ತಾರೆ. ಕಟುಕರಿಗೇ ಕನಿಕರ ಬಂದು ಕಾಲಿನ ಆರನೇ ಬೆರಳು ಮಾತ್ರ ಕತ್ತರಿಸಿಕೊಂಡು ಬಿಟ್ಟುಬಿಡ್ತಾರೆ. ಇದಕ್ಕಿಂತ ಬದುಕಿ ಉಳಿದ ಕತೆ ನಿನ್ನ ಇಂಗ್ಲಿಷಿನವರ ಹತ್ರ ಎಂಥದ್ದುಂಟು?

ಟೀಚರ್: ಉಂಟು, ಬೇರೆ ಥರದ್ದು. ಚಂದ್ರಹಾಸನ ಬಾಯಲ್ಲಿ ಸಾಲಿಗ್ರಾಮ ಇತ್ತು, ದೇವರು ಕಾಪಾಡಿದ. ನಾನು ಹೇಳುವ ಹುಡುಗನ ಕೈಯಲ್ಲಿ ಒಂದು ಕೈಗೊಡಲಿ ಬಿಟ್ಟರೆ ಏನೂ ಇಲ್ಲ. ಗ್ಯಾರಿ ಪಾಲ್ಸನ್ ಬರೆದ 'ಹ್ಯಾಚೆಟ್' ಅಂತ ಕಾದಂಬರಿ, 1980ರ ದಶಕದ್ದು. ಬ್ರಯಾನ್‌ಗೆ ಹದಿಮೂರು ವರ್ಷ. ಅಪ್ಪ ಅಮ್ಮ ಬೇರೆಯಾಗಿದ್ದಾರೆ. ಅಪ್ಪನನ್ನು ಕಾಣಲಿಕ್ಕೆ ಪುಟ್ಟ ವಿಮಾನದಲ್ಲಿ ಹೋಗುವಾಗ ಪೈಲಟ್‌ಗೆ ಹಾರ್ಟ್ ಅಟ್ಯಾಕ್ ಆಗಿ ವಿಮಾನ ಕೆನಡಾದ ಕಾಡಿನ ಸರೋವರಕ್ಕೆ ಬೀಳ್ತದೆ. ಐವತ್ನಾಲ್ಕು ದಿವಸ ಅವ ಅಲ್ಲಿ ಒಬ್ಬನೇ. ಆ ಕೊಡಲಿಯನ್ನು ಬಂಡೆಗೆ ಬಡಿದು ಕಿಡಿ ಹಾರಿಸಿ ಬೆಂಕಿ ಮಾಡಲಿಕ್ಕೆ ಅವ ಪಡುವ ಪಾಡೇ ಒಂದು ದೊಡ್ಡ ಕತೆ.

ಮಾಷ್ಟ್ರು: ಬೆಂಕಿಗೆ ಅಷ್ಟು ಒದ್ದಾಟವಾ? ನಮ್ಮ ಬದಿಯ ಹೆಣ್ಣುಮಕ್ಕಳು ಆಸಾಡಿಯ ಮಳೆಯಲ್ಲಿ ಹಸಿ ಸೌದೆ ಹಾಕಿ ಬಚ್ಚಲೊಲೆ ಹೊತ್ತಿಸಿ ಮತ್ತೆ ಶಾಲೆಗೆ ಬರ್ತಾರೆ.

ಟೀಚರ್: ನೀವು ತಮಾಷೆ ಮಾಡಿ. ಆ ಹುಡುಗನಿಗೆ ಕಾಡಿಗಿಂತ ದೊಡ್ಡ ಕಾಟ ಒಂದಿದೆ. ಅಮ್ಮನ ವಿಷಯದಲ್ಲಿ ಅವನು ಕಣ್ಣಾರೆ ಕಂಡ ಒಂದು ಗುಟ್ಟು, ಅಪ್ಪನಿಗೆ ಹೇಳಲಿಕ್ಕೆ ಆಗದ್ದು. ಬೆಂಕಿ ಹೊತ್ತಿಸುವಾಗಲೂ ಅದೇ ತಲೆಯಲ್ಲಿ.

ಮಾಷ್ಟ್ರು: ಅದು ಒಳ್ಳೆಯದಾಯ್ತು. ಆದ್ರೂ ನನಗೆ ಒಂದು ಹಿಡಿಸುವುದಿಲ್ಲ, ಅವ ಒಬ್ಬನೇ ಇರುವುದು. ನಮ್ಮ ಮಕ್ಕಳಿಗೆ ಒಬ್ಬರೇ ಆಗುವ ಯೋಗ ಎಲ್ಲಿ ಉಂಟು? ಅಪ್ಪ ತೀರಿಹೋದ ಮನೆಯಲ್ಲಿ ಹದಿಮೂರು ದಿವಸ ಜನವೋ ಜನ. ಅಡುಗೆಯವರು, ಭಟ್ಟರು, ಸಾಲ ಕೊಟ್ಟವರು, ಜಾಗದ ಪಾಲು ಕೇಳುವವರು. ಆ ಗೌಜಿಯಲ್ಲಿ ಮಾಣಿ ಯಾವ ಮೂಲೆಯಲ್ಲಿ ಕೂತಿದ್ದಾನೆ ಅಂತ ಯಾರೂ ಹುಡುಕುವುದಿಲ್ಲ. ತಲೆ ಬೋಳಿಸುವ ಹೊತ್ತಿಗೆ ಮಾತ್ರ ಅವನ ನೆನಪಾಗ್ತದೆ. ನಮ್ಮದು ಬೇರೆ ಥರದ ಕಾಡು. ಆ ಕಾಡನ್ನು ಬರೆದವರು ಇಲ್ಲಿಯವರೇ, ಕೋಟದ ಕಾರಂತರು.

ಟೀಚರ್: 'ಮರಳಿ ಮಣ್ಣಿಗೆ'?

ಮಾಷ್ಟ್ರು: ಅದೇ. ಈ ಸೀತಾನದಿ ಹಂಗಾರಕಟ್ಟೆಯ ಬದಿ ಸಮುದ್ರ ಸೇರ್ತದಲ್ಲ, ಆ ಕರಾವಳಿಯ ಕತೆ. ಒಂದು ಬದಿ ಹೊಳೆ, ಇನ್ನೊಂದು ಬದಿ ಸಮುದ್ರ, ನಡುವೆ ಉಪ್ಪುನೀರು ನುಗ್ಗುವ ಗದ್ದೆ. ನೆರೆಯಲ್ಲಿ ತೇಲಿಬರುವ ಕಟ್ಟಿಗೆ ಹಿಡಿದು ಮಳೆಗಾಲದ ಒಲೆ ಉರಿಸುವ ಹೆಂಗಸರು. ಮೂರು ತಲೆಮಾರು ಆ ಮನೆಯನ್ನು ಹೊತ್ತದ್ದು ಅವರೇ, ಪಾರೋತಿ, ಸರಸೋತಿ, ಮತ್ತೆ ಸೊಸೆ ನಾಗವೇಣಿ. ಗಂಡ ಲಚ್ಚ ಓದಿಯೂ ಹಾಳಾದ, ಆಸ್ತಿಯನ್ನೂ ಹಾಳು ಮಾಡಿದ. ಅಪ್ಪ ಬದುಕಿದ್ದಾನೆ, ಆದರೆ ಇಲ್ಲ. ಅಂಥ ಮನೆಯಲ್ಲಿ ಬೆಳೆದ ಮಾಣಿ ರಾಮ. ಇದು ಕಳಕೊಂಡವರ ಕತೆ ಅಲ್ವಾ? ಸಾವು ಒಂದೇ ದಿವಸ ಬಂದು ಹೋಗ್ತದೆ. ಆಸ್ತಿ ಕರಗುವುದು, ಮಾನ ಹೋಗುವುದು ಹಾಗಲ್ಲ, ಅದು ನಿತ್ಯ ನಡೀತದೆ. ಅದರ ನಡುವೆ ಗದ್ದೆ ಕೆಲಸ ನಿಲ್ಲುವುದಿಲ್ಲ, ಗಂಜಿ ಬೇಯಬೇಕು, ಮಾಣಿಯ ಫೀಸು ಕಟ್ಟಬೇಕು. ಬದುಕಿ ಉಳಿಯುವುದು ಅಂದ್ರೆ ನಮ್ಮಲ್ಲಿ ಕೊಡಲಿ ಹಿಡಿಯುವುದಲ್ಲ ಮಗಾ, ಮಾರನೇ ದಿವಸ ಎದ್ದು ಅದೇ ಕೆಲಸ ಮಾಡುವುದು.

ಟೀಚರ್: ಆದರೆ ಎಂಟನೇ ಕ್ಲಾಸಿನವರು ಅದನ್ನು ಪೂರ್ತಿ ಓದ್ತಾರಾ? ರಾಮ ಹುಟ್ಟುವ ಹೊತ್ತಿಗೇ ಅರ್ಧಕ್ಕಿಂತ ಹೆಚ್ಚು ಪುಸ್ತಕ ಮುಗಿದಿರ್ತದೆ.

ಮಾಷ್ಟ್ರು: ಓದುವುದಿಲ್ಲ. ಹತ್ತರವರಲ್ಲಿ ಒಬ್ಬಿಬ್ಬರು ಓದಿಯಾರು. ಸುಮ್ಮನೆ ಹೊಗಳಿ ನಿನ್ನ ಹಣ ದಂಡ ಮಾಡಿಸುವುದಿಲ್ಲ ನಾನು. ಎಂಟರವರಿಗೆ ಕಾರಂತರದ್ದೇ 'ಚೋಮನ ದುಡಿ' ಕೊಡು. ಸಣ್ಣ ಪುಸ್ತಕ, 1933ರದ್ದು, ಇವತ್ತಿಗೂ ಬಿಡದೆ ಓದಿಸಿಕೊಂಡು ಹೋಗ್ತದೆ.

ಟೀಚರ್: ನಾನು ಹೆದರಿದ್ದು ಸರಿಯಾಗಿ ಆ ಪುಸ್ತಕಕ್ಕೇ. ಚೋಮನ ಮಕ್ಕಳು ಒಬ್ಬೊಬ್ಬರಾಗಿ ಹೋಗ್ತಾರೆ. ಕಾಫಿ ತೋಟದ ಜ್ವರದಲ್ಲಿ ಚನಿಯ. ಗುರುವ ಸಾಯುವುದಿಲ್ಲ, ಜಾತಿ ಬಿಟ್ಟು ಹೋಗ್ತಾನೆ, ಚೋಮನ ಪಾಲಿಗೆ ಅದೂ ಕಳಕೊಂಡದ್ದೇ. ನೀಲ ಹೊಳೆಯಲ್ಲಿ. ಆ ನೀಲನ ಪುಟ ಬಂದಾಗ ನಾನು ಕ್ಲಾಸಿನಲ್ಲಿ ಎಂತ ಮಾಡ್ಲಿ? ಮಳೆಗಾಲದಲ್ಲಿ ಕಾಲುಸಂಕ ದಾಟಿ ಬರುವ ಮಕ್ಕಳು ನನ್ನ ಎದುರಿಗೇ ಕೂತಿರ್ತಾರೆ.

ಮಾಷ್ಟ್ರು: ಅವರಿಗೆ ಹೊಳೆಯ ಹೆದರಿಕೆ ಕಾರಂತರು ಕಲಿಸ್ಬೇಕಾ? 2022ರ ಮಳೆಗಾಲದಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆ ಬಿಟ್ಟು ಬರುವ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ಹೋದಳು. ಸ್ವಲ್ಪ ಕಾಲ ಪೇಪರಿನ ತುಂಬ ಕಾಲುಸಂಕದ್ದೇ ಸುದ್ದಿ. ನಿನ್ನ ಮಕ್ಕಳೆಲ್ಲ ಅದನ್ನು ಮೊಬೈಲಿನಲ್ಲಿ ಕಂಡಿದ್ದಾರೆ. ಅವರಿಗೆ ಗೊತ್ತಿಲ್ಲದ್ದನ್ನು ನೀನು ಓದಿ ಹೇಳುವುದಲ್ಲ. ಗೊತ್ತಿದ್ದದ್ದನ್ನು ಅವರ ಎದುರು ಜೋರಾಗಿ ಹೇಳುವುದು, ಅಷ್ಟೇ.

ಟೀಚರ್: ಇದೇ ಥರದ್ದು ಇಂಗ್ಲಿಷಿನಲ್ಲಿ ಒಂದುಂಟು, ನಿಮಗೆ ಹೇಳಲೇಬೇಕು. ಕ್ಯಾಥರೀನ್ ಪ್ಯಾಟರ್ಸನ್ 1977ರಲ್ಲಿ ಬರೆದದ್ದು, 'ಬ್ರಿಡ್ಜ್ ಟು ಟೆರಬಿತಿಯಾ'. ಜೆಸ್ ಅಂತ ಹುಡುಗ, ಲೆಸ್ಲಿ ಅಂತ ಹುಡುಗಿ, ಅಕ್ಕಪಕ್ಕದ ಮನೆಯವರು. ತೋಡಿನ ಆಚೆಗೆ ಕಾಡಿನಲ್ಲಿ ತಮ್ಮದೇ ಒಂದು ರಾಜ್ಯ ಕಟ್ಟಿಕೊಂಡಿದ್ದಾರೆ. ಮರಕ್ಕೆ ಕಟ್ಟಿದ ಹಗ್ಗ ಹಿಡಿದು ಜೋಲಿ ಹೊಡೆದು ತೋಡು ದಾಟಬೇಕು. ಮಳೆ ಬಂದು ತೋಡು ಏರಿದೆ. ಅವತ್ತು ಜೆಸ್ ಮ್ಯೂಸಿಕ್ ಟೀಚರ್ ಜೊತೆಗೆ ಪೇಟೆಗೆ ಹೋಗಿದ್ದಾನೆ, ಲೆಸ್ಲಿಯನ್ನು ಕರೆಯದೆ. ಅವಳು ಒಬ್ಬಳೇ ದಾಟ್ಲಿಕ್ಕೆ ಹೋಗ್ತಾಳೆ, ಹಗ್ಗ ತುಂಡಾಗ್ತದೆ. ಸಾಯಂಕಾಲ ಮನೆಗೆ ಬಂದವನಿಗೆ ಸುದ್ದಿ. ಬರೆದವರ ಮಗನ ಗೆಳತಿ ಒಬ್ಬಳು ಎಂಟು ವರ್ಷಕ್ಕೆ ಸಿಡಿಲು ಬಡಿದು ಸತ್ತಿದ್ದಳಂತೆ. ಮಗನ ಆ ಸಂಕಟ ಕಂಡು ಬರೆದದ್ದು. ದೊಡ್ಡ ಪ್ರಶಸ್ತಿಯೂ ಬಂತು, ಶಾಲೆಯಲ್ಲಿ ಇಡ್ಬೇಡಿ ಅಂತ ತಂದೆತಾಯಿಗಳ ತಕರಾರೂ ಬಂತು.

ಮಾಷ್ಟ್ರು: ಆಮೇಲೆ ಆ ಮಾಣಿ ಎಂತ ಮಾಡ್ತಾನೆ?

ಟೀಚರ್: ಮೊದಲು ನಂಬುವುದಿಲ್ಲ. ಮತ್ತೆ ಸಿಟ್ಟು. ತಂಗಿಗೆ ಹೊಡೀತಾನೆ. ಲೆಸ್ಲಿ ಕೊಟ್ಟ ಬಣ್ಣದ ಪೆಟ್ಟಿಗೆಯನ್ನು ನೀರಿಗೆ ಎಸೀತಾನೆ. ಕಡೆಗೆ ಹಲಗೆ ತಂದು ಆ ತೋಡಿಗೆ ತಾನೇ ಒಂದು ಸೇತುವೆ ಹಾಕಿ, ತಂಗಿಯ ಕೈ ಹಿಡಿದು ದಾಟಿಸ್ತಾನೆ.

ಮಾಷ್ಟ್ರು: ತಾನೇ ಹಾಕ್ತಾನಾ! ಅಲ್ಲಿಯ ತಕರಾರು ಅಲ್ಲಿಗೇ ಮುಗೀತು. ಹಗ್ಗ ತುಂಡಾಯ್ತು, ಯಾರದ್ದೂ ತಪ್ಪಲ್ಲ, ಗೆಳೆಯ ಸಂಕ ಹಾಕಿದ. ಚಂದದ ಕತೆ, ನಾನು ಹಗುರ ಮಾಡುವುದಿಲ್ಲ. ಆದ್ರೆ ನೀಲನ ಪಕ್ಕ ಇಟ್ಟು ಕಾಣು. ನೀಲ ಮುಳುಗುವಾಗ ದಡದಲ್ಲಿ ಜನ ಇದ್ದಾರೆ. ಈಜು ಬರುವವರೂ ಇದ್ದಾರೆ. ಹೊಲೆಯರ ಮಗುವನ್ನು ಮುಟ್ಟುವುದು ಹೇಗೆ ಅಂತ ನಿಂತಿದ್ದಾರೆ. ನೀಲನನ್ನು ಕೊಂದದ್ದು ಹೊಳೆಯಾ? ನಮ್ಮ ಕಾದಂಬರಿಗಳಲ್ಲಿ ಸಾವಿಗೆ ಒಂದು ವಿಳಾಸ ಇರ್ತದೆ. ಇಂಥ ಊರು, ಇಂಥ ಜಾತಿ, ಇಂಥ ಸಾಲ, ಇಂಥ ಧಣಿ. ಬೈಂದೂರಿನ ಆ ಹುಡುಗಿಯ ಸಾವಿಗೂ ವಿಳಾಸ ಉಂಟು, ಯಾವ ಕಡತದಲ್ಲಿ ಯಾವ ಸೇತುವೆ ಎಷ್ಟು ವರ್ಷದಿಂದ ಕೂತಿದೆ ಅಂತ ಹುಡುಕಿದರೆ ಸಿಗ್ತದೆ. ಹದಿನಾಲ್ಕರವರಿಗೆ ಇದು ಅರ್ಥ ಆಗುವುದಿಲ್ಲ ಅಂತ ತಿಳೀಬೇಡ. ಅವರಿಗೆ ಅನ್ಯಾಯದ ವಾಸನೆ ನಮಗಿಂತ ಬೇಗ ಬರ್ತದೆ. ನಾವು ಅಭ್ಯಾಸ ಮಾಡಿಕೊಂಡಿದ್ದೇವೆ, ಅವರಿಗೆ ಇನ್ನೂ ಅಭ್ಯಾಸ ಆಗಿಲ್ಲ.

ಟೀಚರ್: ನೀವು ಹೇಳಿದ್ದು ಪಾಠಕ್ಕೆ ಸರಿ. ದುಃಖಕ್ಕೆ ಸರಿಯಾ? ಅಮ್ಮನನ್ನು ಕ್ಯಾನ್ಸರಿಗೆ ಕಳಕೊಂಡ ಹುಡುಗಿಗೆ ನಾನು ಯಾವ ವಿಳಾಸ ತೋರಿಸ್ಲಿ? ಎಲ್ಲ ಸಾವಿಗೂ ಅಪರಾಧಿ ಇರುವುದಿಲ್ಲ ಮಾಷ್ಟ್ರೇ. ಆ ಹುಡುಗಿಗೆ ರಾತ್ರಿ ಒಬ್ಬಳೇ ಆದಾಗ ಒಳಗೆ ಎಂತ ಓಡ್ತದೆ ಅಂತ ಬರೆದವರು ಬೇಕು. 'ಎ ಮಾನ್‌ಸ್ಟರ್ ಕಾಲ್ಸ್' ಅಂತ ಒಂದುಂಟು. ಶಿವೊನ್ ಡೌಡ್ ಎನ್ನುವ ಲೇಖಕಿ ಅದರ ಕತೆಯನ್ನು ಯೋಚಿಸಿಟ್ಟಿದ್ದರು. ಬರೆಯುವ ಮೊದಲೇ, 2007ರಲ್ಲಿ, ಕ್ಯಾನ್ಸರಿನಿಂದ ತೀರಿಹೋದರು. ಪ್ಯಾಟ್ರಿಕ್ ನೆಸ್ ಅದನ್ನು ಎತ್ತಿಕೊಂಡು ಬರೆದು 2011ರಲ್ಲಿ ಪ್ರಕಟಿಸಿದರು. ಕಾನರ್ ಎನ್ನುವ ಹುಡುಗ, ಅಮ್ಮನಿಗೆ ಕ್ಯಾನ್ಸರ್. ರಾತ್ರಿ ಹಿತ್ತಲಿನ ಆಚೆಯ ದೊಡ್ಡ ಮರ ರಾಕ್ಷಸನ ಹಾಗೆ ನಡೆದು ಬಂದು ಅವನಿಗೆ ಕತೆ ಹೇಳ್ತದೆ. ಕಡೆಗೆ ಅವನ ಬಾಯಿಂದಲೇ ಒಂದು ಸತ್ಯ ಹೊರಡಿಸ್ತದೆ. ಇದೆಲ್ಲ ಒಮ್ಮೆ ಮುಗಿದು ಹೋಗಲಿ ಅಂತ ಅವನಿಗೆ ಒಳಗೊಳಗೇ ಅನಿಸ್ತಾ ಇತ್ತು ಎನ್ನುವ ಸತ್ಯ. ಹಾಗೆ ಅನಿಸಿದ್ದಕ್ಕೆ ತಾನೇ ಅಮ್ಮನನ್ನು ಕೊಂದೆ ಅಂತ ಅವ ತಿಳಿದಿದ್ದ. ರೋಗಿಯನ್ನು ನೋಡಿಕೊಂಡ ಎಷ್ಟು ಮಕ್ಕಳ ಹೊಟ್ಟೆಯಲ್ಲಿ ಈ ಮಾತು ಇಲ್ಲ? ಯಾರ ಹತ್ರ ಹೇಳ್ತಾರೆ?

ಮಾಷ್ಟ್ರು: ಇದು... ಇದು ದೊಡ್ಡವರಿಗೂ ಆಗುವಂಥದ್ದು.

ಟೀಚರ್: ಅದಕ್ಕೇ ನಾನು ಹೇಳುವುದು. ನಮ್ಮ ಕಾದಂಬರಿಗಳಲ್ಲಿ ಮಕ್ಕಳು ಸಾಯ್ತಾರೆ, ಉಳೀತಾರೆ, ಸಾಕಷ್ಟು ಕಷ್ಟ ಪಡ್ತಾರೆ. ಆದ್ರೆ ನಾವು ಅವರನ್ನು ಹೊರಗಿನಿಂದ ಕಾಣ್ತೇವೆ. ನೀಲ ಹೋದ ದಿವಸ ಅವನ ಅಕ್ಕ ಬೆಳ್ಳಿಗೆ ನಿದ್ದೆ ಬಂತಾ? ಅವಳು ತನ್ನನ್ನೇ ಬೈದುಕೊಂಡಳಾ? ಕತೆ ಚೋಮನ ಹಿಂದೆ ಹೋಗ್ತದೆ. ಅವನ ದುಡಿಯ ಸದ್ದು ದೊಡ್ಡದು, ಒಪ್ಪಿದೆ. ಆದರೆ ನನಗೆ ಬೆಳ್ಳಿಯ ಕಾದಂಬರಿ ಬೇಕಿತ್ತು. ಅದನ್ನು ಯಾರೂ ಬರೆಯಲಿಲ್ಲ.

ಮಾಷ್ಟ್ರು: 'ಘಟಶ್ರಾದ್ಧ' ಉಂಟಲ್ಲ. ಅನಂತಮೂರ್ತಿಯವರು ಇಡೀ ಕತೆಯನ್ನು ವೇದ ಕಲೀಲಿಕ್ಕೆ ಬಂದ ಒಬ್ಬ ಪುಟ್ಟ ಮಾಣಿಯ ಕಣ್ಣಿನಿಂದ ಹೇಳಿದ್ದಾರೆ. ಅಲ್ಲಿ ಸತ್ತವರೂ ಇಲ್ಲ. ಯಮುನಕ್ಕ ಜೀವಂತ ಇದ್ದಾಳೆ, ಅವಳ ಅಪ್ಪನೇ ಅವಳ ಶ್ರಾದ್ಧ ಮಾಡ್ತಾನೆ. ತನ್ನನ್ನು ಅಕ್ಕರೆಯಿಂದ ಕಂಡ ಒಬ್ಬಳನ್ನು ಊರೇ ಸೇರಿ ಸತ್ತವಳು ಅಂತ ಬರೆದುಬಿಟ್ಟಾಗ ಮಾಣಿಗೆ ಎಂತ ಆಗ್ತದೆ? ಕಾಸರವಳ್ಳಿಯವರು 1977ರಲ್ಲಿ ಸಿನಿಮಾ ಮಾಡಿದಾಗ ಆ ಮಾಣಿಯ ಮುಖವೇ ಅರ್ಧ ಸಿನಿಮಾ.

ಟೀಚರ್: ಅದು ಸರಿಯಾದ ಪುಸ್ತಕ. ಆದರೆ ಗರ್ಭದ ವಿಷಯ ಬರ್ತದಲ್ಲ. ಮಾರನೇ ದಿವಸ ತಾಯಂದಿರು ಸ್ಟಾಫ್ ರೂಮಿಗೆ ಬರ್ತಾರೆ.

ಮಾಷ್ಟ್ರು: ಬರ್ಲಿ. ಕೂರಿಸಿ ಚಾ ಕೊಟ್ಟು ಅವರಿಗೂ ಓದಿ ಹೇಳು.

ಟೀಚರ್: ನೀವು ರಿಟೈರ್ ಆದವರು, ಸುಲಭದಲ್ಲಿ ಹೇಳ್ತೀರಿ.

ಮಾಷ್ಟ್ರು: ಅದೂ ನಿಜವೇ. ಹಾಗಾದ್ರೆ ಹತ್ತರವರಿಗೆ ಇಡು. 'ಗೃಹಭಂಗ' ಓದಿದ್ದೀಯಲ್ಲ?

ಟೀಚರ್: ಓದಿದ್ದೇನೆ. ಅದನ್ನು ಯಾವ ಮಕ್ಕಳ ಕೈಗೂ ಕೊಡುವುದಿಲ್ಲ. ನಂಜಮ್ಮನ ಮಗಳು ಪಾರ್ವತಿ, ಮಗ ರಾಮಣ್ಣ, ಇಬ್ಬರೂ ಪ್ಲೇಗಿಗೆ ಹೋಗ್ತಾರೆ. ಆ ಪುಟಗಳನ್ನು ನನಗೇ ಓದ್ಲಿಕ್ಕೆ ಆಗ್ಲಿಲ್ಲ. ಆಮೇಲೆ ನಂಜಮ್ಮನೂ ಹೋಗ್ತಾಳೆ. ಓದುವವರಿಗೆ ಉಸಿರು ಬಿಡ್ಲಿಕ್ಕೂ ಜಾಗ ಇಲ್ಲ.

ಮಾಷ್ಟ್ರು: ಭೈರಪ್ಪನವರು ಅದನ್ನು 1970ರಲ್ಲಿ ತಂದದ್ದು. ಅವರ ಸ್ವಂತ ಮನೆಗೇ ಪ್ಲೇಗು ಬಂದಿತ್ತು, ಅಣ್ಣ ಅಕ್ಕ ಹೋಗಿದ್ದರು, ಅಮ್ಮನೂ ಹೋಗಿದ್ದಳು. ಉಸಿರು ಬಿಡಲಿಕ್ಕೆ ಜಾಗ ಇಲ್ಲ ಅಂತೀಯಲ್ಲ, ಆ ಮನೆಯಲ್ಲಿ ಇರ್ಲಿಲ್ಲ. ಆದರೆ ನಾನು ಹೇಳ್ಲಿಕ್ಕೆ ಹೊರಟದ್ದು ಕಡೆಯ ಪುಟ. ಮಕ್ಕಳಲ್ಲಿ ಉಳಿದವ ವಿಶ್ವ ಒಬ್ಬನೇ. ಅವನ ಕೈ ಹಿಡಿದು ಊರು ಬಿಡುವವರು ಯಾರು? ಅಪ್ಪ ಅಲ್ಲ. ಅಪ್ಪ ಉಂಟು, ಇದ್ದೂ ಪ್ರಯೋಜನ ಇಲ್ಲ. ಅಜ್ಜಿಯೂ ಅಲ್ಲ. ಭಿಕ್ಷೆ ಎತ್ತಿ ಬದುಕುವ ಜಂಗಮ ಮಾದೇವಯ್ಯನವರು. ರಕ್ತ ಸಂಬಂಧ ಇಲ್ಲ, ಜಾತಿ ಒಂದಲ್ಲ. ಉಳಿಸಿಕೊಳ್ಳುವವರು ಎಲ್ಲಿಂದ ಬರ್ತಾರೆ ಅಂತ ಹೇಳಲಿಕ್ಕೆ ಆಗುವುದಿಲ್ಲ ಅನ್ನುವುದನ್ನು ಆ ಕಾದಂಬರಿ ತೋರಿಸಿದ ಹಾಗೆ ಬೇರೆ ಯಾವುದೂ ತೋರಿಸಲಿಲ್ಲ ನನಗೆ.

ಟೀಚರ್: ಅಲ್ಲಿಯವರೆಗೆ ತಲುಪಬೇಕಲ್ಲ ಮಕ್ಕಳು. ನನಗೆ ಒಂದು ಯೋಚನೆ ಉಂಟು, ನೀವು ಬೈಯಬಾರದು. ಬಿಭೂತಿಭೂಷಣರ 'ಪಥೇರ್ ಪಾಂಚಾಲಿ' 1929ರದ್ದು, ದೊಡ್ಡವರ ಕಾದಂಬರಿ. ಅದನ್ನು ಮಕ್ಕಳಿಗೆ ಅಂತ ಚಿಕ್ಕದು ಮಾಡಿ ಕಲ್ಕತ್ತೆಯ ಸಿಗ್ನೆಟ್ ಪ್ರೆಸ್‌ನವರು 1940ರ ದಶಕದಲ್ಲಿ ತಂದರು. ಅದಕ್ಕೆ ಚಿತ್ರ ಬರೆದವ ಸತ್ಯಜಿತ್ ರಾಯ್ ಎನ್ನುವ ಹುಡುಗ. ಆ ಚಿತ್ರ ಬರೆಯುವಾಗಲೇ ಅವರಿಗೆ ಸಿನಿಮಾದ ಯೋಚನೆ ಹುಟ್ಟಿದ್ದು. ಹಾಗೆ ನಮ್ಮಲ್ಲೂ 'ಮರಳಿ ಮಣ್ಣಿಗೆ'ಯ ರಾಮನ ಭಾಗ, 'ಗೃಹಭಂಗ'ದ ವಿಶ್ವನ ಭಾಗ, ಬೇರೆ ತೆಗೆದು ಮಕ್ಕಳಿಗೆ ಕೊಡಬಾರದಾ?

ಮಾಷ್ಟ್ರು: ಬೈಯುತ್ತೇನೆ! ಆ ಕತೆಯ ಹುಡುಗಿ ದುರ್ಗೆಯ ಸಾವನ್ನು ತೆಗೆದರಾ ಅವರು?

ಟೀಚರ್: ಹಾಗೆ ಮಾಡಿದರೆ ಅದು 'ಪಥೇರ್ ಪಾಂಚಾಲಿ'ಯೇ ಅಲ್ಲ. ನಾನೂ ಸಾವು ತೆಗೆಯಿರಿ ಅನ್ನುವುದಿಲ್ಲ. ಮುಂದೆ ಬರುವ ದೊಡ್ಡವರ ಗಲಾಟೆ, ವಕೀಲರು, ಪತ್ರ, ದಸ್ತಾವೇಜು, ಅದನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಅನ್ನುವುದು.

ಮಾಷ್ಟ್ರು: ನೋಡು, ಮಾರಾಯ್ತಿ, ಸರಿಸುವವರ ಕೈ ಮೊದಲು ಹೋಗುವುದು ಸಾವಿನ ಪುಟಕ್ಕೇ. ನಿನ್ನ ಹಾಗೆ ಯೋಚಿಸಿ ಸರಿಸುವವರು ಎಷ್ಟು ಜನ? ನಾನಾದರೆ ಇದ್ದದ್ದನ್ನು ಇದ್ದ ಹಾಗೆ ಕೊಟ್ಟು, ಜೊತೆಯಲ್ಲಿ ಕೂತು ಓದ್ತೇನೆ. ಕಷ್ಟದ ಪುಟ ಬಂದಾಗ ನಾನು ಓದುವುದು, ಸುಲಭದ್ದು ಅವರು ಓದುವುದು.

ಟೀಚರ್: ನೀವು ಕ್ಲಾಸಿನಲ್ಲಿ ಹಾಗೆಯೇ ಓದ್ತಾ ಇದ್ದಿರಿ. ನೆನಪುಂಟು. ಆದರೆ ಈಗ ಪೀರಿಯಡ್ಡಿಗೆ ನಲವತ್ತು ನಿಮಿಷ, ಸಿಲೆಬಸ್ಸು ಮುಗೀಬೇಕು. ಮಕ್ಕಳು ತಾವಾಗಿಯೇ ಎತ್ತಿಕೊಂಡು ಮನೆಗೆ ಒಯ್ಯುವ ಪುಸ್ತಕ ಬೇಕು.

ಮಾಷ್ಟ್ರು: ತಾವಾಗಿ ಎತ್ತಿಕೊಳ್ಳುವುದು ಅಂದ್ರೆ ನಾ. ಡಿಸೋಜ. ಸಾಗರದವರು, 2025ರ ಜನವರಿಯಲ್ಲಿ ತೀರಿಹೋದರು. ಶರಾವತಿ ಕಟ್ಟೆಯ ಕೆಲಸದ ಕಾಲಕ್ಕೆ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿಯಲ್ಲಿದ್ದವರು. ನೀರು ಏರಿ ಊರು ಮುಳುಗುವುದನ್ನು ಆಫೀಸಿನ ಕಡತದಲ್ಲೂ ಕಂಡವರು, ಜನರ ಮುಖದಲ್ಲೂ ಕಂಡವರು. ಅದೇ ಅವರ ಬರವಣಿಗೆಗೆ ಬಂಡವಾಳ. 'ದ್ವೀಪ' ದೊಡ್ಡವರಿಗೆ, ಅದೂ ಸಣ್ಣ ಪುಸ್ತಕವೇ. ಮಕ್ಕಳಿಗೆ 'ಮುಳುಗಡೆಯ ಊರಿಗೆ ಬಂದವರು' ಬರೆದರು, ಕೇಂದ್ರ ಸಾಹಿತ್ಯ ಅಕಾಡೆಮಿ ಬಾಲ ಸಾಹಿತ್ಯ ಪುರಸ್ಕಾರ ಕೊಟ್ಟಿತು. ನಮ್ಮಲ್ಲಿ ಕಳಕೊಂಡವರ ಕತೆ ಅಂದ್ರೆ ಇದೂ ಸೇರ್ತದೆ ಅಂತ ಕನ್ನಡದ ಮಕ್ಕಳಿಗೆ ಹೇಳಿದವರು ಅವರು. ಮನುಷ್ಯರು ಉಳಿದರು, ಮನೆ, ತೋಟ, ದೇವಸ್ಥಾನ, ಶಾಲೆ ಹೋಯ್ತು. ಇಂಗ್ಲಿಷಿನ ಕಪಾಟಿನಲ್ಲಿ ಯುದ್ಧಕ್ಕೆ ಊರು ಕಳಕೊಂಡವರು ಇದ್ದಾರು. ಕರೆಂಟಿಗೆ ಊರು ಕೊಟ್ಟವರು ಎಷ್ಟು ಜನ ಇದ್ದಾರೆ?

ಟೀಚರ್: ವಾರಾಹಿಯ ಮೇಲೆ, ಹೊಸನಗರದ ಬದಿಯಲ್ಲಿ ಮುಳುಗಡೆಯಾಗಿ ಬಂದವರ ಮೊಮ್ಮಕ್ಕಳು ನಮ್ಮಲ್ಲೂ ಇದ್ದಾರೆ. ಅವರಿಗೆ ಅಜ್ಜನ ಮನೆ ಎಲ್ಲಿ ಅಂತ ಕೇಳಿದ್ರೆ 'ನೀರಿನ ಅಡಿಗೆ' ಅಂತಾರೆ, ನಗಾಡಿಕೊಂಡು.

ಮಾಷ್ಟ್ರು: ಕಂಡ್ಯಾ. ಅವರಿಗೆ ಕೊಡು ಅದನ್ನು.

ಟೀಚರ್: ಬರೆದುಕೊಂಡೆ. 'ತೊತ್ತೋಚಾನ್' ಕೂಡ ಸೇರಿಸ್ತೇನೆ, ಕನ್ನಡದಲ್ಲಿ ಉಂಟು. ಆರನೆಯವರೂ ಓದ್ಬಹುದು, ಹತ್ತನೆಯವರೂ ಓದ್ಬಹುದು. ಪೋಲಿಯೋ ಆದ ಗೆಳೆಯ ಸತ್ತುಹೋಗುವ ಅಧ್ಯಾಯ ಎಷ್ಟು ಸಣ್ಣದು! ಮರ ಹತ್ತಿಸಿದ ಗೆಳೆಯ ಒಂದು ದಿವಸ ಇಲ್ಲ. ಕಡೆಗೆ ಶಾಲೆಗೇ ಬಾಂಬು ಬೀಳ್ತದೆ. ಅಷ್ಟು ನಗಿಸಿದ ಪುಸ್ತಕ ಹಾಗೆ ಮುಗೀತದೆ, ಮಕ್ಕಳು ಅದನ್ನು ತಡಕೊಳ್ತಾರೆ. ಆದರೆ ಇನ್ನೊಂದು ಥರದ ಕಳಕೊಂಡದ್ದಕ್ಕೆ ನನಗೆ ಯಾವ ಪುಸ್ತಕವೂ ಸಿಗ್ಲಿಲ್ಲ. ಹೋದವರು ಹೋದರು ಅಂತಲೇ ಗೊತ್ತಾಗದ್ದು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ 'ಸುವರ್ಣ ತ್ರಿಭುಜ' ಬೋಟು.

ಮಾಷ್ಟ್ರು: ಹೂಂ. ಏಳು ಮಂದಿ.

ಟೀಚರ್: ತಿಂಗಳುಗಟ್ಟಲೆ ಏನೂ ಗೊತ್ತಿಲ್ಲ. ಅಪಹರಣ ಅಂದ್ರು, ಏನೇನೋ ಅಂದ್ರು. ಮರುವರ್ಷ ಮೇ ತಿಂಗಳಲ್ಲಿ ನೌಕಾಪಡೆಯವರಿಗೆ ಮಹಾರಾಷ್ಟ್ರದ ಮಾಲ್ವಣದ ಹತ್ರ ಸಮುದ್ರದ ತಳದಲ್ಲಿ ಬೋಟಿನ ಅವಶೇಷ ಸಿಕ್ಕಿತು. ಅಷ್ಟು ತಿಂಗಳು ಆ ಮನೆಯ ಮಕ್ಕಳು ಎಂತ ಅಂತ ತಿಳಿದುಕೊಳ್ಬೇಕು? ಅಳುವುದಾ, ಕಾಯುವುದಾ? ಅತ್ತರೆ ಅಪ್ಪ ಸತ್ತ ಅಂತ ತಾವೇ ಒಪ್ಪಿದ ಹಾಗೆ. ಶಾಲೆಗೆ ಬಂದು ಫಾರಂ ತುಂಬುವಾಗ ತಂದೆಯ ಹೆಸರಿನ ಮುಂದೆ ಎಂತ ಬರೀಬೇಕು? ಗಂಗೊಳ್ಳಿ, ಮಲ್ಪೆ, ಮರವಂತೆ, ಈ ಬದಿಯಲ್ಲೆಲ್ಲ ಮೀನಿಗೆ ಹೋದವರನ್ನು ಕಾಯುವ ಮಕ್ಕಳಿದ್ದಾರೆ. ಅವರಲ್ಲೊಬ್ಬರು ಹೇಳುವ ಕಾದಂಬರಿ, ಹದಿನಾಲ್ಕರವರ ಕಣ್ಣಿನಿಂದ, ಕನ್ನಡದಲ್ಲಿ ನನಗೆ ಬೇಕು. ಅದು ಪಟ್ಟಿಯಲ್ಲಿ ಇಲ್ಲ.

ಮಾಷ್ಟ್ರು: ಬರೆಯುವವರು ಈಗ ನಿನ್ನ ಕ್ಲಾಸಿನಲ್ಲಿ ಕೂತಿದ್ದಾರೋ ಏನೋ.

ಟೀಚರ್: ಹಾಗೆ ಹೇಳಿ ನೀವು ದೊಡ್ಡ ಲೇಖಕರನ್ನೆಲ್ಲ ತಪ್ಪಿಸಿಕೊಳ್ಳಲಿಕ್ಕೆ ಬಿಡ್ಬೇಡಿ. ನಮ್ಮಲ್ಲಿ ಕತೆಗಾರರಿಗೆ ಬರ ಇಲ್ಲ. ವೈದೇಹಿಯವರು ಕುಂದಾಪುರದವರು, ಮಕ್ಕಳಿಗೆ ಅಂತ 'ಗೊಂಬೆ ಮ್ಯಾಕ್‌ಬೆತ್' ಬರೆದರು. ಮ್ಯಾಕ್‌ಬೆತ್‌ನ ರಕ್ತವನ್ನೇ ಮಕ್ಕಳ ಕೈಗೆ ಕೊಡ್ಲಿಕ್ಕೆ ಅವರಿಗೆ ಹೆದರಿಕೆ ಇರ್ಲಿಲ್ಲ. ಅಂಥವರು ಈ ವಯಸ್ಸಿಗೆ ಇನ್ನಷ್ಟು ಬರೆದಿದ್ದರೆ ಅಂತ ಆಸೆ, ಅಷ್ಟೇ. ಬರೆದರೆ ಮಾರುವುದು ಯಾವ ಕಪಾಟಿನಲ್ಲಿ ಅಂತ ಪ್ರಕಾಶಕರು ಕೇಳ್ತಾರೆ. ಮಕ್ಕಳದ್ದಕ್ಕೆ ಇಟ್ಟರೆ ದೊಡ್ಡದು, ದೊಡ್ಡವರದ್ದಕ್ಕೆ ಇಟ್ಟರೆ ಸಣ್ಣದು.

ಮಾಷ್ಟ್ರು: ಪಂಚಾಯತ್ ಲೈಬ್ರರಿಯಲ್ಲೂ ಇದೇ ಕತೆ. 'ಓದುವ ಬೆಳಕು' ಅಂತ 2020ರಲ್ಲಿ ಸುರು ಮಾಡಿ ಆರರಿಂದ ಹದಿನೆಂಟರವರೆಗಿನ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಒಳ್ಳೆಯ ಕೆಲಸ. ಆರರವರಿಗೆ ಪುಸ್ತಕ ಉಂಟು, ಹದಿನೆಂಟರವರಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡು ಉಂಟು. ನಡುವಿನವರು ಬಂದು ಪೇಪರಿನ ಕ್ರಿಕೆಟ್ ಪುಟ ಓದಿ ಹೋಗ್ತಾರೆ.

ಟೀಚರ್: ಹಾಗಾದ್ರೆ ಪಟ್ಟಿ ಇಷ್ಟು. 'ಚೋಮನ ದುಡಿ' ಐದು ಪ್ರತಿ. 'ದ್ವೀಪ', 'ಮುಳುಗಡೆಯ ಊರಿಗೆ ಬಂದವರು', 'ತೊತ್ತೋಚಾನ್'. ಪಂಜೆಯವರ 'ಕೋಟಿ ಚೆನ್ನಯ' ಸಿಕ್ಕಿದ್ರೆ ಅದೂ. 'ಘಟಶ್ರಾದ್ಧ' ಹತ್ತರವರಿಗೆ, ನನ್ನ ಮೇಜಿನ ಒಳಗೆ. 'ಮರಳಿ ಮಣ್ಣಿಗೆ' ಒಂದು. 'ಗೃಹಭಂಗ' ಇಲ್ಲ.

ಮಾಷ್ಟ್ರು: 'ಗೃಹಭಂಗ' ಒಂದು.

ಟೀಚರ್: ಇಲ್ಲ ಮಾಷ್ಟ್ರೇ. ಬೇಕಾದವರನ್ನು ನಿಮ್ಮ ಮನೆಗೆ ಕಳಿಸ್ತೇನೆ, ನೀವೇ ಓದಿ ಹೇಳಿ. ಶನಿವಾರ ನಾನು ಎಂಟರವರಿಗೆ ನೀಲನ ಪುಟ ಓದ್ತೇನೆ. ಓದಿದ ಮೇಲೆ ಪ್ರಶ್ನೋತ್ತರ ಇಲ್ಲ. ದಿನಾ ಶಾಲೆಗೆ ಬರುವಾಗ ಯಾರ್ಯಾರು ಎಲ್ಲೆಲ್ಲಿ ತೋಡು ದಾಟ್ತೀರಿ, ಅಲ್ಲಿ ಎಂಥ ಸಂಕ ಉಂಟು, ನೀರು ಏರಿದ ದಿವಸ ಎಂತ ಮಾಡ್ತೀರಿ ಅಂತ ಬರೆಸುವ ಅಂತ ಯೋಚನೆ.

ಮಾಷ್ಟ್ರು: ಬರೆದದ್ದರದ್ದು ಒಂದು ಜೆರಾಕ್ಸ್ ತೆಗೆಸು. ಪಂಚಾಯತಿಗೆ ನಾನು ಒಯ್ತೇನೆ, ಸೀಲು ಹಾಕಿಸಿಕೊಂಡು ಬರ್ತೇನೆ.